ಮನೆಮಾತು ಬೇರೆಯಾದರೂ ಮಗುವಿಗೆ ಓದಿ ಹೇಳಿರಿ



ಸಂಡೂರಿನ ತಾಂಡಾಗಳಲ್ಲಿ ಮನೆಮಾತು ಲಂಬಾಣಿ. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಬಂದ ತರುವಾಯ ಆಂಧ್ರದ ಕಡೆಯಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳು ಕಂಪ್ಲಿಯ ಸುತ್ತ ಇವೆ, ಅಲ್ಲಿ ತೆಲುಗು. ಹೊಸಪೇಟೆಯ ಅನೇಕ ಮನೆಗಳಲ್ಲಿ ಉರ್ದು. ಈ ಮಕ್ಕಳಲ್ಲಿ ಹಲವರು ಸೇರುವುದು ಕನ್ನಡ ಶಾಲೆಗೆ. ಒಂದನೆಯ ತರಗತಿಯಲ್ಲಿ ಮಗು ಬಾಯಿಬಿಡದೆ ಕುಳಿತರೆ ದಡ್ಡನೆನ್ನುವುದುಂಟು. ಅದು ದಡ್ಡತನವಲ್ಲ, ಮಾತು ಹೊಸದು, ಅಷ್ಟೆ. ಆದರೆ ಹೀಗೆ ಹಿಂದೆ ಬಿದ್ದ ಮಗು ಮುಂದೆ ಶಾಲೆಯನ್ನೇ ಬಿಟ್ಟೀತು.

"ಹಾಗಾದರೆ ಮನೆಯಲ್ಲಿ ನಮ್ಮ ಮಾತನ್ನು ಬಿಡಬೇಕೇ?" ಎಂದು ಕೇಳಬಹುದು. ಬೇಡ. ಸಸಿಮಡಿಯಲ್ಲಿ ಬೇರು ಬಲಿತ ನೆಲ್ಲಿನ ಸಸಿಯೇ ಗದ್ದೆಯಲ್ಲಿ ಬೇಗ ಕಚ್ಚಿಕೊಳ್ಳುವುದು. ಮನೆಮಾತೇ ಮಗುವಿನ ಸಸಿಮಡಿ. ಒಂದು ಮಾತಿನಲ್ಲಿ ಕಥೆ ಕೇಳಿ "ಏಕೆ?", "ಆಮೇಲೆ?" ಎನ್ನಲು ಕಲಿತ ಮಗು ಇನ್ನೊಂದರಲ್ಲೂ ಹಾಗೆಯೇ ಕೇಳುವುದು. ಎರಡು ಮಾತುಗಳನ್ನು ಬೆರೆಸಿ ಆಡಿದರೆ ಗದರಿಸಬೇಡಿರಿ. ಬೆಳೆಯುತ್ತ ತಾನೇ ಬೇರ್ಪಡಿಸಿಕೊಳ್ಳುವುದು.

ಮಾಡಬೇಕಾದುದಿಷ್ಟು:

1. ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ, ಚಿತ್ರಗಳಿರುವ ಪುಸ್ತಕ ಹಿಡಿದು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿರಿ.

2. ಕನ್ನಡದ ಸಾಲನ್ನು ಓದಿ, ಅರ್ಥವನ್ನು ಮನೆಮಾತಿನಲ್ಲಿ ಹೇಳಿರಿ. ಚಿತ್ರ ತೋರಿಸಿ, ಕನ್ನಡದಲ್ಲಿ "ಎತ್ತು", ತೆಲುಗಿನಲ್ಲಿ "ಎದ್ದು" ಎನ್ನಿರಿ. ಎರಡು ಲಿಪಿಗಳೂ ಒಂದೇ ಮೂಲದಿಂದ ಬಂದವು. ತೆಲುಗು ಓದಬಲ್ಲವರಿಗೆ ಕನ್ನಡದ ಅಕ್ಷರ ಬೇಗ ಹಿಡಿಯುವುದು.

3. ನಡುನಡುವೆ ಪ್ರಶ್ನೆ ಕೇಳಿ, ಮಗುವಿಗೂ ಹೇಳಲು ಬಿಡಿರಿ. ಅದೇ ಪುಸ್ತಕವನ್ನು ಮತ್ತೆ ಕೇಳಿದರೆ ಬೇಸರಿಸದೆ ಓದಿರಿ. ಮರುಕಳಿಸಿದ ಮಾತೇ ಮನಸ್ಸಿನಲ್ಲಿ ನಿಲ್ಲುವುದು.

4. ಓದು ಬಾರದವರು ಹಿಂಜರಿಯಬಾರದು. ದೊಡ್ಡ ಮಗ ಅಥವಾ ಮಗಳು ಓದಲಿ, ನೀವು ಚಿತ್ರ ನೋಡಿ ಕಥೆ ಬೆಳೆಸಿರಿ. ಹಂಪೆಗೆ ಹೋದಾಗ ಹಜಾರರಾಮ ದೇವಾಲಯದ ಗೋಡೆ ತೋರಿಸಿರಿ. ಅಲ್ಲಿ ರಾಮಾಯಣವನ್ನು ಕಲ್ಲಿನಲ್ಲಿ ಸಾಲುಸಾಲಾಗಿ ಕೆತ್ತಿದ್ದಾರೆ; ಅಕ್ಷರವಿಲ್ಲದೆ ಓದಬಹುದಾದ ಪುಸ್ತಕವದು.

ಪುಸ್ತಕಕ್ಕಾಗಿ ಹಣ ಬೇಕಿಲ್ಲ. 2020ರಲ್ಲಿ ಆರಂಭವಾದ "ಓದುವ ಬೆಳಕು" ಕಾರ್ಯಕ್ರಮದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಶಾಲಾ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಂಡವು. ನಿಮ್ಮ ಪಂಚಾಯಿತಿಯಲ್ಲಿ ವಿಚಾರಿಸಿ ಮಗುವಿನ ಹೆಸರು ಬರೆಸಿರಿ.

ಕಬ್ಬು ಕಡಿಯಲು ಮಕ್ಕಳೊಂದಿಗೆ ದೂರ ಹೋಗುವವರು, ಗ್ರಂಥಾಲಯದವರಿಗೆ ತಿಳಿಸಿ ಒಂದೆರಡು ಪುಸ್ತಕಗಳನ್ನು ಗಂಟಿನಲ್ಲಿ ಕಟ್ಟಿಕೊಳ್ಳಿರಿ. ಶಾಲೆ ತಪ್ಪಿದ ದಿನಗಳಲ್ಲಿಯೂ ಓದು ತಪ್ಪದಿರಲಿ.