ಭಾಗ ಬದಲಿಸಿದ ಮೇಲೆ ಏಳದ ಕಂಪ್ಯೂಟರು

ಇಂದಿನ ಸಂಸಾರದಲ್ಲಿ ಕಂಪ್ಯೂಟರು ಬರಿಯ ವಿಲಾಸದ ಸಾಮಾನಾಗಿ ಉಳಿದಿಲ್ಲ. ಬೆಂಗಳೂರಿನ ಹೊರವಲಯದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಮೊದಲಾದೆಡೆಗಳಲ್ಲಿ ಅದು ಮನೆಯ ಒಬ್ಬರಿಗೆ ಉದ್ಯೋಗ, ಇನ್ನೊಬ್ಬರಿಗೆ ಓದು, ಮತ್ತೊಬ್ಬರಿಗೆ ಲೆಕ್ಕದ ಪುಸ್ತಕ. ಮಕ್ಕಳ ನಾಮಕರಣದ ಚಿತ್ರಗಳೂ ಗತಿಸಿದ ಹಿರಿಯರ ಧ್ವನಿಯೂ ಅದರೊಳಗೇ ಇರುವುದುಂಟು. ಇಂತಹ ಯಂತ್ರವು ನಿಧಾನವಾಯಿತೆಂದು ಹೊಸದನ್ನು ಕೊಳ್ಳುವುದು ಎಲ್ಲರಿಗೂ ಸಾಧ್ಯವಲ್ಲ. ಅದರ ಮೇಲೆ, ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ಕೊಡುತ್ತಿದ್ದ ಸಾಮಾನ್ಯ ಬೆಂಬಲವು ೨೦೨೫ನೆಯ ಇಸವಿ ಅಕ್ಟೋಬರ್ ೧೪ರಂದು ಮುಗಿಯಿತು. ಆದುದರಿಂದ ಹಳೆಯ ಯಂತ್ರವನ್ನೇ ಸುಧಾರಿಸಿ ವಿಂಡೋಸ್ ೧೧ಕ್ಕೆ ಅಣಿಮಾಡಬೇಕೆಂಬ ಯೋಚನೆ ಬರುವುದು ಸಹಜ. ಬಿಡುವಿನ ದಿನ ನಗರದ ಎಸ್.ಪಿ. ರಸ್ತೆಗೆ ಹೋಗಿ ರ್ಯಾಮನ್ನೋ ಎಸ್.ಎಸ್.ಡಿ.ಯನ್ನೋ ತಂದು, ಮನೆಯಲ್ಲಿಯೇ ಜೋಡಿಸಿ ಗುಂಡಿಯನ್ನೊತ್ತಿದರೆ, ಪರದೆ ಕಪ್ಪಾಗಿಯೇ ನಿಂತಿರುವುದು!

ಆಗ ಮನೆಯವರು ಸಾಮಾನ್ಯವಾಗಿ ಎರಡರಲ್ಲೊಂದು ದಾರಿಯನ್ನು ಹಿಡಿಯುವರು. ಅಂಗಡಿಯವನು ಕೆಟ್ಟ ಮಾಲು ಕೊಟ್ಟನೆಂದು ಜಗಳಕ್ಕೆ ಹೊರಡುವುದು ಒಂದು. ಎಲ್ಲವೂ ಹೋಯಿತೆಂದು ಹೆದರಿ, ‘ಪೂರ್ತಿ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಕೊಡಿ’ ಎಂದು ಯಾರ ಕೈಗಾದರೂ ಒಪ್ಪಿಸಿಬಿಡುವುದು ಇನ್ನೊಂದು. ಮೊದಲನೆಯದರಿಂದ ಹೋಗುವುದು ಒಂದು ದಿನದ ಹೊತ್ತು. ಎರಡನೆಯದರಿಂದ ಹತ್ತು ವರ್ಷದ ಚಿತ್ರಗಳೇ ಹೋಗಬಹುದು. ಕಂಪ್ಯೂಟರು ಏಳದಿರುವುದು ಬೇರೆ, ಅದರೊಳಗಿರುವುದು ಅಳಿಯುವುದು ಬೇರೆ. ಈ ಭೇದವನ್ನು ತಿಳಿದವರು ದುಡುಕಲಾರರು.

ಗುಂಡಿಯನ್ನೊತ್ತಿದ ಕೂಡಲೆ ಯಂತ್ರವು ಮೂರು ಮೆಟ್ಟಿಲುಗಳನ್ನು ಏರಬೇಕು. ವಿದ್ಯುತ್ತು ಭಾಗಗಳಿಗೆಲ್ಲ ತಲಪುವುದು ಮೊದಲನೆಯದು. ಎರಡನೆಯದು ಸ್ವಪರೀಕ್ಷೆ: ಮದರ್‌ಬೋರ್ಡಿನ ಮೇಲಿರುವ ಚಿಕ್ಕದೊಂದು ಚಿಪ್ಪಿನಲ್ಲಿ ನೆಲಸಿರುವ ಬಯೋಸ್ ಎಂಬ ವ್ಯವಸ್ಥೆಯು ಪ್ರೊಸೆಸರು, ರ್ಯಾಮು, ಗ್ರಾಫಿಕ್ಸ್ ಕಾರ್ಡು ಇವುಗಳ ಹಾಜರಿಯನ್ನು ಒಂದೊಂದಾಗಿ ತೆಗೆದುಕೊಳ್ಳುವುದು. ೧೯೮೧ರಲ್ಲಿ ಐ.ಬಿ.ಎಂ. ಸಂಸ್ಥೆಯು ಹೊರತಂದ ಪರ್ಸನಲ್ ಕಂಪ್ಯೂಟರಿನಲ್ಲಿಯೇ ಈ ಪದ್ಧತಿಯಿತ್ತು. ಒಂದೇ ಒಂದು ಕಿರಿದಾದ ಬೀಪ್ ಸದ್ದು ಕೇಳಿದರೆ ಎಲ್ಲವೂ ಕ್ಷೇಮವೆಂದು ಅರ್ಥ. ಈಗಿನ ಯಂತ್ರಗಳಲ್ಲಿ ಯು.ಇ.ಎಫ್.ಐ. ಎಂಬುದು ಆ ಕೆಲಸವನ್ನು ವಹಿಸಿಕೊಂಡಿದ್ದರೂ ಜನರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ. ವಿಂಡೋಸ್ ಇರುವ ಡಿಸ್ಕನ್ನು ಹುಡುಕಿ ಮುಂದಿನ ಕಾರ್ಯವನ್ನು ಅದಕ್ಕೆ ಒಪ್ಪಿಸುವುದು ಮೂರನೆಯ ಮೆಟ್ಟಿಲು. ಮೊದಲೆರಡು ಮೆಟ್ಟಿಲುಗಳಲ್ಲಿ ನಿಂತುಹೋದ ಯಂತ್ರವು ವಿಂಡೋಸಿನ ಬಳಿಗೆ ಹೋಗಿಯೇ ಇಲ್ಲ. ಆಗ ಡಿಸ್ಕನ್ನು ಅಳಿಸುವುದೆಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆಯೇ ಸರಿ.

ಯಾವ ಕೆಲಸಕ್ಕೂ ಮುಂಚೆ ಪ್ಲಗ್ಗನ್ನು ಕಿತ್ತು, ಗುಂಡಿಯನ್ನು ಕೆಲವು ಕ್ಷಣ ಒತ್ತಿಹಿಡಿದು, ಪೆಟ್ಟಿಗೆಯ ಬಣ್ಣವಿಲ್ಲದ ಲೋಹವನ್ನು ಮುಟ್ಟಬೇಕು. ಒಣಹವೆಯ ದಿನಗಳಲ್ಲಿ ಮೈಮೇಲೆ ಸೇರುವ ಸ್ಥಿರವಿದ್ಯುತ್ತು ಸೂಕ್ಷ್ಮವಾದ ಚಿಪ್ಪುಗಳನ್ನು ಕೆಡಿಸಬಲ್ಲುದು. ಪವರ್ ಸಪ್ಲೈ ಪೆಟ್ಟಿಗೆಯನ್ನು ಮಾತ್ರ ಬಿಚ್ಚಲೇ ಕೂಡದು. ಪ್ಲಗ್ಗನ್ನು ಕಿತ್ತ ಮೇಲೆಯೂ ಅದರೊಳಗೆ ಅಪಾಯಕರವಾದ ವಿದ್ಯುತ್ತು ಉಳಿದಿರಬಹುದು.

ದೀಪವಿಲ್ಲ, ಫ್ಯಾನು ತಿರುಗುವುದಿಲ್ಲವೆಂದರೆ ತೊಡಕು ಮೊದಲನೆಯ ಮೆಟ್ಟಿಲಿನದು. ಹಿಂಬದಿಯ ಸ್ವಿಚ್ಚು, ಮದರ್‌ಬೋರ್ಡಿಗೆ ಬರುವ ದೊಡ್ಡ ಕೇಬಲು, ಮುಂದಿನ ಗುಂಡಿಯಿಂದ ಬರುವ ಎಳೆತಂತಿ ಇವನ್ನು ನೋಡಬೇಕು. ಹೊಸ ಭಾಗವನ್ನು ಕೂರಿಸುವಾಗ ಕೈತಾಗಿ ಇವು ಸಡಿಲವಾಗಿರುವುದುಂಟು.

ಫ್ಯಾನು ತಿರುಗಿಯೂ ಪರದೆ ಬೆಳಗದಿದ್ದರೆ ಎರಡನೆಯ ಮೆಟ್ಟಿಲನ್ನು ಶಂಕಿಸಬೇಕು. ಹೊಸದಾಗಿ ಹಾಕಿದ್ದು ರ್ಯಾಮಾದರೆ ಮೊದಲ ಅನುಮಾನ ಅದರ ಮೇಲೆಯೇ ಇರಲಿ. ಡೆಸ್ಕ್‌ಟಾಪ್ ಯಂತ್ರದ ಡಿ.ಡಿ.ಆರ್.೩ ಪಟ್ಟಿಗೆ ೨೪೦ ಸಂಪರ್ಕಗಳು, ಡಿ.ಡಿ.ಆರ್.೪ಕ್ಕೆ ೨೮೮. ಡಿ.ಡಿ.ಆರ್.೫ಕ್ಕೂ ೨೮೮ ಇದ್ದರೂ ಅಂಚಿನ ಕಚ್ಚು ಬೇರೆ ಸ್ಥಳದಲ್ಲಿದೆ. ಒಂದು ಬಗೆಯದು ಇನ್ನೊಂದರ ಸ್ಲಾಟಿಗೆ ಕೂರಲಾರದು. ಬಲವಂತ ಮಾಡಿದರೆ ಮುರಿಯುವುದು. ಸರಿಯಾದ ಬಗೆಯದೇ ಆದರೂ ಅಂಚಿನ ಹಿಡಿಕೆ ‘ಕಟ್’ ಎಂದು ಕಚ್ಚಿಕೊಳ್ಳುವವರೆಗೆ ಸಮನಾಗಿ ಒತ್ತಬೇಕು. ಹಳೆಯ ಪಟ್ಟಿಯೊಡನೆ ಹೊಸದನ್ನು ಬೆರಸಿದ್ದರೆ ಒಂದೊಂದನ್ನೇ ಇಟ್ಟು ಪರೀಕ್ಷಿಸುವುದು ಉತ್ತಮ. ಡಿ.ಡಿ.ಆರ್.೫ ರ್ಯಾಮನ್ನು ಹೊಸದಾಗಿ ಹಾಕಿದಾಗ ಮದರ್‌ಬೋರ್ಡು ಅದನ್ನು ಪಳಗಿಸಿಕೊಳ್ಳಲು ಕೆಲವು ನಿಮಿಷಗಳನ್ನು ತೆಗೆದುಕೊಳ್ಳುವುದುಂಟು. ಅಷ್ಟು ಕಾಲವೂ ಪರದೆ ಕಪ್ಪಾಗಿಯೇ ಇರುವುದು. ಇಲ್ಲಿ ತಾಳ್ಮೆಯೇ ಮದ್ದು.

ಹೊಸ ಗ್ರಾಫಿಕ್ಸ್ ಕಾರ್ಡನ್ನು ಹಾಕಿದವರು ಪರದೆಯ ಕೇಬಲನ್ನು ಆ ಕಾರ್ಡಿಗೇ ಚುಚ್ಚಬೇಕೇ ಹೊರತು ಮದರ್‌ಬೋರ್ಡಿನ ಹಳೆಯ ಕಿಂಡಿಗಲ್ಲ. ಕಾರ್ಡಿಗೆ ಪ್ರತ್ಯೇಕವಾದ ವಿದ್ಯುತ್ ಕೇಬಲು ಬೇಕಾಗಿದ್ದರೆ ಅದನ್ನೂ ಮರೆಯಬಾರದು. ಪ್ರೊಸೆಸರನ್ನು ಬದಲಿಸಿದ್ದರೆ, ಅದನ್ನು ಗುರುತಿಸುವಷ್ಟು ಹೊಸದಾದ ಬಯೋಸ್ ಇದೆಯೇ ಎಂದು ವಿಚಾರಿಸಬೇಕು. ಬೀಪ್ ಸದ್ದು ಬಂದರೆ ಎಣಿಸಿ ಬರೆದುಕೊಳ್ಳುವುದೊಳ್ಳೆಯದು. ಅದರ ಅರ್ಥವು ತಯಾರಕರಿಂದ ತಯಾರಕರಿಗೆ ಬೇರೆಯಾಗುವುದರಿಂದ ಯಂತ್ರದ ಕೈಪಿಡಿಯನ್ನೇ ನೋಡತಕ್ಕದ್ದು.

ಬೂಟ್ ಮಾಡತಕ್ಕ ಡಿಸ್ಕು ಸಿಕ್ಕಲಿಲ್ಲವೆಂದು ಪರದೆಯ ಮೇಲೆ ಬರಹ ಬಂದರೆ ಕೊಂಚ ಸಮಾಧಾನ ಪಡಬಹುದು. ಯಂತ್ರವು ಎರಡು ಮೆಟ್ಟಿಲುಗಳನ್ನು ಹತ್ತಿಯಾಯಿತು. ಹೊಸ ಎಸ್.ಎಸ್.ಡಿ. ಬಂದುದರಿಂದ ಬಯೋಸು ಆ ಬರಿದಾದ ಡಿಸ್ಕಿನಲ್ಲಿಯೇ ವಿಂಡೋಸನ್ನು ಹುಡುಕುತ್ತಿರಬಹುದು; ಬೂಟಿನ ಅನುಕ್ರಮದಲ್ಲಿ ಹಳೆಯ ಡಿಸ್ಕನ್ನು ಮುಂದಿಟ್ಟರೆ ಸಾಕು. ಕೆಲವು ಮದರ್‌ಬೋರ್ಡುಗಳಲ್ಲಿ ಎಂ.೨ ಸ್ಲಾಟನ್ನು ತುಂಬಿದರೆ ಒಂದೆರಡು ಸಾಟಾ ಕಿಂಡಿಗಳು ಕೆಲಸ ನಿಲ್ಲಿಸುವುವು. ಆಗ ಹಳೆಯ ಡಿಸ್ಕು ಕಾಣೆಯಾದಂತೆ ತೋರುವುದಾದರೂ ಬೇರೆ ಕಿಂಡಿಗೆ ಚುಚ್ಚಿದೊಡನೆ ಕಾಣಿಸಿಕೊಳ್ಳುವುದು.

ವಿಂಡೋಸ್ ೧೧ಕ್ಕಾಗಿ ಬಯೋಸಿನಲ್ಲಿ ‘ಲೆಗಸಿ’ ಪದ್ಧತಿಯನ್ನು ತೆಗೆದು ಯು.ಇ.ಎಫ್.ಐ. ಪದ್ಧತಿಗೆ ಬದಲಿಸಿದವರಿಗೂ ಇದೇ ಬರಹ ಎದುರಾಗಬಹುದು. ಡಿಸ್ಕು ಹಳೆಯ ಎಂ.ಬಿ.ಆರ್. ಕ್ರಮದಲ್ಲಿದ್ದರೆ ಹೊಸ ಪದ್ಧತಿಯು ಅದರಿಂದ ಏಳಲಾರದು. ಆಯ್ಕೆಯನ್ನು ಹಿಂದಿನಂತೆಯೇ ಮಾಡಿದರೆ ವಿಂಡೋಸ್ ಮತ್ತೆ ಏಳುವುದು. ಡಿಸ್ಕನ್ನು ಅಳಿಸದೆಯೇ ಜಿ.ಪಿ.ಟಿ. ಕ್ರಮಕ್ಕೆ ಪರಿವರ್ತಿಸುವ ಉಪಕರಣವನ್ನು ಮೈಕ್ರೋಸಾಫ್ಟ್ ವಿಂಡೋಸಿನಲ್ಲಿಯೇ ಇಟ್ಟಿದೆ. ಆದರೂ ಪ್ರತಿಯೊಂದನ್ನು ತೆಗೆದಿಟ್ಟುಕೊಳ್ಳದೆ ಅದಕ್ಕೆ ಕೈಹಾಕಬಾರದು.

ನಾಣ್ಯದಂತಹ ಸೆಲ್ಲೊಂದು ಮದರ್‌ಬೋರ್ಡಿನ ಮೇಲಿರುವುದಷ್ಟೆ. ಸಿ.ಆರ್.೨೦೩೨ ಎಂಬ ಅದರ ಹೆಸರಿನಲ್ಲಿಯೇ ೨೦ ಮಿಲಿಮೀಟರ್ ಅಗಲ, ೩.೨ ಮಿಲಿಮೀಟರ್ ದಪ್ಪ ಎಂಬ ಅಳತೆಗಳು ಅಡಗಿವೆ. ಅದು ಸತ್ತರೆ ಅಥವಾ ಅದನ್ನು ತೆಗೆದರೆ ತಾರೀಖು ಹಿಂದೆ ಬೀಳುವುದು. ಬಯೋಸಿನ ಆಯ್ಕೆಗಳೂ ಮೂಲಸ್ಥಿತಿಗೆ ಮರಳಬಹುದು. ಆದರೆ ಸಿ.ಎನ್.ಸಿ. ಯಂತ್ರಗಳ ಮಾತು ಬೇರೆ. ಪೀಣ್ಯದಲ್ಲಿ ಚಿಕ್ಕ ಕಾರ್ಖಾನೆ ನಡೆಸುವ ಮನೆಗಳವರು ಇದನ್ನು ಗಮನಿಸಬೇಕು. ಅಂತಹ ಅನೇಕ ಯಂತ್ರಗಳು ತಮ್ಮ ಅಳತೆ ವ್ಯವಸ್ಥೆಗಳನ್ನೆಲ್ಲ ಬ್ಯಾಟರಿಯ ಆಸರೆಯಿಂದ ನೆನಪಿಟ್ಟುಕೊಂಡಿರುವುವು. ವಿದ್ಯುತ್ತನ್ನು ನಿಲ್ಲಿಸಿ ಬ್ಯಾಟರಿಯನ್ನು ತೆಗೆದರೆ ಆ ನೆನಪು ಅಳಿದುಹೋಗಬಹುದು. ಅಲ್ಲಿ ತಯಾರಕರ ಕೈಪಿಡಿಯೇ ಪ್ರಮಾಣ.

ಕೆಲವೊಮ್ಮೆ ಭಾಗ ಬದಲಾದುದನ್ನು ಕಂಡು ವಿಂಡೋಸು ೪೮ ಅಂಕಿಗಳ ಕೀಲಿಯನ್ನು ಕೇಳುವುದು. ಇದು ದೋಷವಲ್ಲ, ಬಿಟ್‌ಲಾಕರ್ ಎಂಬ ಬೀಗವು ಪರಕೀಯನು ಬಂದನೆಂದು ಶಂಕಿಸಿ ಕಾವಲು ನಿಂತಿರುತ್ತದೆ. ಅನೇಕರ ಕೀಲಿಯು ಅವರ ಮೈಕ್ರೋಸಾಫ್ಟ್ ಖಾತೆಯಲ್ಲಿಯೇ ಇರುವುದು. ಅದು ಎಲ್ಲಿಯೂ ಸಿಕ್ಕದಿದ್ದರೆ ಮಾತ್ರ ಒಳಗಿನದನ್ನು ಯಾರೂ ಬಿಡಿಸಿಕೊಡಲಾರರು. ಆದುದರಿಂದ ಭಾಗವನ್ನು ಬದಲಿಸುವ ಮುಂಚೆಯೇ ಕೀಲಿಯನ್ನು ಕಾಗದದ ಮೇಲೆ ಬರೆದು, ಮನೆಯ ಪತ್ರಗಳೊಡನೆ ಭದ್ರವಾಗಿಡತಕ್ಕದ್ದು.

ಇಷ್ಟೆಲ್ಲ ನೋಡಿದರೂ ಯಂತ್ರ ಏಳದಿದ್ದರೆ ಹೊಸ ಭಾಗವನ್ನು ತೆಗೆದು ಹಳೆಯದನ್ನೇ ಹಾಕಿ ನೋಡಬೇಕು. ಯಂತ್ರವೆದ್ದರೆ ತೊಡಕು ಹೊಸ ಭಾಗದಲ್ಲಿಯೋ ಅದರ ಹೊಂದಾಣಿಕೆಯಲ್ಲಿಯೋ ಇದೆಯೆಂದು ಸಿದ್ಧವಾಯಿತು. ಅಂಗಡಿಯವನೊಡನೆ ಜಗಳವಿಲ್ಲದೆ ಮಾತನಾಡಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಏಳದಿದ್ದರೆ ಕೈತಾಗಿದ ತಂತಿಯನ್ನು ಹುಡುಕಬೇಕು. ಎರಡು ಭಾಗಗಳನ್ನು ಒಂದೇ ಸಲ ಬದಲಿಸಿದವರಿಗೆ ಈ ಪರೀಕ್ಷೆಯ ಸೌಲಭ್ಯವಿಲ್ಲ. ಒಂದನ್ನು ಬದಲಿಸಿ, ಯಂತ್ರವೆದ್ದುದನ್ನು ನೋಡಿ, ಆಮೇಲೆ ಇನ್ನೊಂದಕ್ಕೆ ಕೈಹಾಕುವುದು ಜಾಣತನ. ಹಳೆಯ ಭಾಗವನ್ನು ಕೆಲವು ವಾರಗಳಾದರೂ ಮಾರದೆ ಇಟ್ಟುಕೊಂಡಿರಬೇಕು.

ಕಡೆಗೆ ದುರಸ್ತಿಯವರ ಕೈಗೆ ಕೊಡಬೇಕಾಗಿ ಬಂದರೂ ನಾಚಿಕೆಯೇನಿಲ್ಲ. ಯಾವ ಭಾಗವನ್ನು ಯಾವ ದಿನ ಬದಲಿಸಿದಿರಿ, ಪರದೆಯ ಮೇಲೆ ಏನು ಕಂಡಿತು, ಎಷ್ಟು ಬೀಪ್ ಕೇಳಿದಿರಿ ಎಂಬುದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಯಂತ್ರಕ್ಕೆ ಅಂಟಿಸಿರಿ. ಅದರ ಕೆಳಗೆ, ‘ನಮ್ಮನ್ನು ಕೇಳದೆ ಡಿಸ್ಕನ್ನು ಫಾರ್ಮ್ಯಾಟ್ ಮಾಡಕೂಡದು’ ಎಂಬ ಒಂದು ಸಾಲು ದಪ್ಪಕ್ಷರದಲ್ಲಿರಲಿ.