ತೀರ್ಪಾದ ಮೇಲೂ ಕಡತ ಓದುವವರು ಬೇಕು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯವರಿಗೆ ಕಲಬುರಗಿ ಪಕ್ಕದ ಜಿಲ್ಲೆ. ಅಲ್ಲಿ ಫಾರ್ಮಸಿ ಓದುತ್ತಿದ್ದ ನಿಸಾರುದ್ದೀನ್ ಅಹ್ಮದ್ ಅವರನ್ನು 1994ರ ಜನವರಿಯಲ್ಲಿ ಪೊಲೀಸರು ಹಿಡಿದುಕೊಂಡು ಹೋದರು. ರೈಲು ಸ್ಫೋಟದ ಕೇಸಿನಲ್ಲಿ ಜೀವಾವಧಿ ಶಿಕ್ಷೆಯಾಯಿತು. ಪೊಲೀಸರ ಮುಂದೆ ಕೊಟ್ಟರೆನ್ನಲಾದ ತಪ್ಪೊಪ್ಪಿಗೆಯನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. 2016ರ ಮೇ 11ರಂದು ಅವರನ್ನು ಖುಲಾಸೆ ಮಾಡಿತು. ಅಷ್ಟರಲ್ಲಿ 22 ವರ್ಷ ಕಳೆದಿತ್ತು.

'ನಮ್ಮ ಹುಡುಗ ನಿರಪರಾಧಿ' ಅಂದರೆ ಕೋರ್ಟಿಗೆ ಸಾಲದು. ಎಫ್‌ಐಆರ್, ಸಾಕ್ಷಿಗಳ ಹೇಳಿಕೆ, ತೀರ್ಪು ಎಲ್ಲವನ್ನೂ ಪುಟಪುಟ ಓದಿ, ಎಲ್ಲಿ ತಾಳೆಯಾಗುವುದಿಲ್ಲವೆಂದು ಹುಡುಕಬೇಕು. ವಕೀಲರ ಕೈಕೆಳಗೆ ಕಾನೂನು ವಿದ್ಯಾರ್ಥಿಗಳು ಇದನ್ನು ಮಾಡಬಲ್ಲರು. ನ್ಯೂಯಾರ್ಕಿನ ಕಾರ್ಡೋಜೊ ಲಾ ಕಾಲೇಜಿನಲ್ಲಿ 1992ರಲ್ಲಿ ಶುರುವಾದ ಇನ್ನೊಸೆನ್ಸ್ ಪ್ರಾಜೆಕ್ಟ್ ವಿದ್ಯಾರ್ಥಿಗಳನ್ನು ಕಟ್ಟಿಕೊಂಡೇ ಬೆಳೆಯಿತು. ನಮ್ಮ ದೇಶದ ಲಾ ಕಾಲೇಜುಗಳಲ್ಲೂ ಕಾನೂನು ನೆರವು ಕೇಂದ್ರ ಇರಬೇಕೆಂದು ಬಾರ್ ಕೌನ್ಸಿಲ್ ನಿಯಮವಿದೆ.

ಆದರೆ ಈ ತಾಲೂಕುಗಳಿಂದ ವಿಜಯಪುರಕ್ಕೆ ಲಾ ಓದಲು ಹೋಗುವ ಬಡ ಮಕ್ಕಳಿಗೆ ಬಸ್ ಚಾರ್ಜು, ಝೆರಾಕ್ಸ್ ಖರ್ಚೂ ಭಾರ. ಡಾಕ್ಟರ್, ಇಂಜಿನಿಯರ್ ಆಗುವವರಿಗೆ ಸ್ಕಾಲರ್‌ಶಿಪ್ ಕೊಡುವ ನಮ್ಮ ಕರಾವಳಿಯ ಜಮಾಅತ್‌ಗಳು ಇವರಿಗೂ ಒಂದು ಪಾಲು ಇಡಲಿ. ಜೈಲಿನಲ್ಲಿರುವವನು ಯಾವ ಜಾತಿಯವನೆಂದು ಕೇಳದೆ ದುಡಿಯುವ ಮಕ್ಕಳು ಅವರಾಗಲಿ.

ಜೈಲಿನಲ್ಲಿರುವವರಿಗೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಕೇಳುವ ಹಕ್ಕಿದೆ. ತಾಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಮನೆಯಲ್ಲಿರುವ ಕೇಸಿನ ಒಂದು ಕಾಗದವನ್ನೂ ಬಿಸಾಡಬೇಡಿ. ನಾಳೆ ಸಹಾಯಕ್ಕೆ ಬರುವ ವಿದ್ಯಾರ್ಥಿ ಮೊದಲು ಕೇಳುವುದು ಅದನ್ನೇ.