ಕ್ಯಾಂಪು ಮುಗಿಸಿದವರ ಪತ್ತೇದಾರಿಕೆ

ಕನ್ನಡದ ಪತ್ತೇದಾರನಿಗೆ ವಯಸ್ಸಾಗುವುದು ಅಪರೂಪ. ಎನ್. ನರಸಿಂಹಯ್ಯನವರ ‘ಪತ್ತೇದಾರ ಪುರುಷೋತ್ತಮನ ಸಾಹಸ’ ಹೊರಬಂದದ್ದು 1952ರಲ್ಲಿ. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ್ದ ಅವರು ಮುಂದೆ 500ಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಪುರುಷೋತ್ತಮ, ಮಧುಸೂದನ, ಅರಿಂಜಯರು ಮನೆಮಾತಾದರು. ಕನ್ನಡ ಬಾವುಟದ ರೂವಾರಿ ಮ. ರಾಮಮೂರ್ತಿಯವರೂ ಇದೇ ಜಾಡಿನಲ್ಲಿ ಹಲವು ಪುಸ್ತಕಗಳನ್ನು ಕೊಟ್ಟರು. ‘ಬಂಗಾರದ ಮನುಷ್ಯ’ದ ಕರ್ತೃ ಟಿ.ಕೆ. ರಾಮರಾಯರು ಸಹ ಹೆಸರು ಮಾಡಿದ್ದು ಪತ್ತೇದಾರಿ ಕಾದಂಬರಿಗಳಿಂದಲೇ. ಬಾಡಿಗೆ ಪುಸ್ತಕದ ಅಂಗಡಿಗಳ ಮೂಲಕ ಊರೂರು ಸುತ್ತಿದ ಈ ಪುಸ್ತಕಗಳು ಎಷ್ಟೋ ಮಂದಿಗೆ ಓದಿನ ರುಚಿ ಹತ್ತಿಸಿದವು. ಆದರೆ ಇವುಗಳ ನಾಯಕರು ಬಹುಮಟ್ಟಿಗೆ ಚುರುಕು ಕಾಲಿನ ಸಾಹಸಿಗಳು. ಮಂಡಿನೋವಿನ, ಪಿಂಚಣಿಯ ದಿನ ಎಣಿಸುವ ಹಿರಿಯರಿಗೆ ಅಲ್ಲಿ ಸಿಗುತ್ತಿದ್ದುದು ಸಾಕ್ಷಿಯ ಪಾತ್ರ ಮಾತ್ರ.

ಇಂಗ್ಲಿಷಿನಲ್ಲಿ ಇದಕ್ಕೆ ಬೇರೆಯದೇ ಪರಂಪರೆ ಇದೆ. ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್ ಮೊದಲ ಬಾರಿಗೆ ಇಡೀ ಕಾದಂಬರಿಯೊಂದರಲ್ಲಿ ಕಾಣಿಸಿಕೊಂಡದ್ದು 1930ರಲ್ಲಿ. ಹಳ್ಳಿಯೊಂದರಲ್ಲಿ ಹೆಣಿಗೆ ಹಾಕುತ್ತ ಕೂತ ಮುದುಕಿ ಆಕೆ. ತನ್ನೂರಿನ ಜನರ ನಡವಳಿಕೆಯನ್ನು ಬಲ್ಲವಳಾದ್ದರಿಂದಲೇ ಕೊಲೆಗಾರನನ್ನೂ ಗುರುತಿಸಬಲ್ಲಳು. 2020ರಲ್ಲಿ ಬಂದ ರಿಚರ್ಡ್ ಆಸ್ಮನ್‌ನ ‘ದ ಥರ್ಸ್‌ಡೇ ಮರ್ಡರ್ ಕ್ಲಬ್’ನಲ್ಲಿ ನಿವೃತ್ತರ ವಸತಿಯೊಂದರ ನಾಲ್ವರು ಪ್ರತಿ ಗುರುವಾರ ಸೇರಿ ಹಳೆಯ ಅಪರಾಧಗಳ ಗಂಟು ಬಿಚ್ಚುತ್ತಾರೆ. ಗುಡಾರ, ಬಿಡಾರದ ಗಾಡಿ ಕಟ್ಟಿಕೊಂಡು ಊರೂರು ಅಲೆಯುವ ನಿವೃತ್ತರನ್ನೇ ಪತ್ತೇದಾರರನ್ನಾಗಿಸುವ ಮಾಲೆಗಳೂ ಅಲ್ಲಿ ಉಂಟು. ರಕ್ತ ಕಡಮೆ, ಹರಟೆ ಹೆಚ್ಚು; ಕೊನೆಗೆ ಒಗಟು ಬಿಡಿಸಿ ಊರು ಮತ್ತೆ ನೆಮ್ಮದಿಗೆ ಮರಳಬೇಕು. ಇದು ಈ ಪ್ರಕಾರದ ಒಪ್ಪಂದ.

ಇದನ್ನು ಕನ್ನಡಕ್ಕೆ ತರಬಹುದೇ? ಗುಡಾರ ಹೊತ್ತು ಅಲೆಯುವ ನಿವೃತ್ತರು ನಮ್ಮಲ್ಲಿ ಅಪರೂಪ. ಆದರೆ ‘ಕ್ಯಾಂಪು’ ಎಂಬ ಮಾತು ನಮಗೆ ಹೊಸದಲ್ಲ. ‘ಸಾಹೇಬರು ಕ್ಯಾಂಪಿನಲ್ಲಿದ್ದಾರೆ’ ಎಂಬುದು ಸರ್ಕಾರಿ ಕಚೇರಿಗೆ ಎಡತಾಕಿದವರೆಲ್ಲ ಕೇಳಿರುವ ಉತ್ತರ. ಹಳೆಯ ಮೈಸೂರಿನಲ್ಲಿ ಕಂದಾಯ ನೋಡುವ ಅಮಲ್ದಾರನೇ ಮ್ಯಾಜಿಸ್ಟ್ರೇಟನೂ ಆಗಿದ್ದ. ಊರೂರು ಬಿಡಾರ ಹೂಡಿ, ಮರದ ಕೆಳಗೆ ಕುಳಿತು, ಜನರ ದೂರು ಕೇಳುತ್ತಿದ್ದ. ಅಂಥ ಅಧಿಕಾರಿಗಳಲ್ಲೊಬ್ಬರಾಗಿದ್ದ ನವರತ್ನ ರಾಮರಾಯರ ‘ಕೆಲವು ನೆನಪುಗಳು’ ಓದಿದವರಿಗೆ, ಆ ಸಂಚಾರದಲ್ಲಿ ಮನುಷ್ಯ ಸ್ವಭಾವದ ಎಷ್ಟು ದೊಡ್ಡ ಪಾಠಶಾಲೆ ಇತ್ತೆಂಬುದು ತಿಳಿದೀತು. ಕನ್ನಡದ ಮಿಸ್ ಮಾರ್ಪಲ್‌ಳನ್ನು ಹುಡುಕುವವರು ಹೀಗೆ ಕ್ಯಾಂಪು ಮಾಡಿ ಸವೆದವರ ನಡುವೆ ಹುಡುಕಬೇಕು: ನಿವೃತ್ತ ಗ್ರಾಮಲೆಕ್ಕಿಗ, ನಾಲೆಯ ನೀರುಗಂಟಿ, ಹೆರಿಗೆ ಮಾಡಿಸಿದ ದಾದಿ, ಕಂಬ ಹತ್ತಿದ ಲೈನ್‌ಮನ್, ಮೂರು ತಲೆಮಾರಿಗೆ ಅಕ್ಷರ ಕಲಿಸಿದ ಮೇಷ್ಟ್ರು.

ಇವರನ್ನು ಕೂರಿಸಲು ಮಂಡ್ಯ, ಮದ್ದೂರು, ಮಳವಳ್ಳಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಮಾಲೆ ಬರೆಯುವವರಿಗೆ ಒಂದು ಹಳೆಯ ತೊಡಕಿದೆ. ಒಂದೇ ಹಳ್ಳಿಯಲ್ಲಿ ವರ್ಷಕ್ಕೆರಡು ಕೊಲೆಯಾದರೆ ಓದುಗ ನಂಬುವುದಿಲ್ಲ; ಊರು ತೀರಾ ದೊಡ್ಡದಾದರೆ ಎಲ್ಲರಿಗೂ ಎಲ್ಲರೂ ಗೊತ್ತಿರುವುದಿಲ್ಲ. ಮೂರು ತಾಲ್ಲೂಕು ಕೇಂದ್ರಗಳು, ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳುವಷ್ಟು ಹತ್ತಿರ, ಆದರೆ ಒಂದರಂತೆ ಇನ್ನೊಂದಿಲ್ಲ. ಮಂಡ್ಯ ಕನ್ನಂಬಾಡಿ ನೀರಿನಿಂದ ಬೆಳೆದ ಊರು. 1933ರಲ್ಲಿ ಸ್ಥಾಪನೆಯಾದ ಸಕ್ಕರೆ ಕಂಪನಿ, 1939ರಲ್ಲಿ ಬಂದ ಜಿಲ್ಲಾ ಕೇಂದ್ರದ ಪಟ್ಟ, ಕಬ್ಬಿನ ತೂಕ, ಬಾಕಿ ಹಣ, ನಾಲೆಯ ಸರದಿ. ಮದ್ದೂರು ಬಂದು ಹೋಗುವವರ ಊರು. ರೈಲು, ಹೆದ್ದಾರಿ, ವಡೆ, ಎಳನೀರಿನ ಮಾರುಕಟ್ಟೆ. ಅಪರಿಚಿತ ಬರಬೇಕಾದರೆ ಇಲ್ಲಿಂದಲೇ ಬರಬೇಕು. ಮಳವಳ್ಳಿಯ ತಾಲ್ಲೂಕು ಕಾಡು, ಹೊಳೆಗಳ ಸೀಮೆ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ ಶಿವನಸಮುದ್ರ, ಮುತ್ತತ್ತಿ, ಮತ್ತು ಗಾಳ ಹಾಕುವವರ ಬಿಡಾರದಿಂದ ಹೆಸರಾದ ಭೀಮೇಶ್ವರಿ.

ಇನ್ನು ಸುಳಿವಿನ ಮಾತು. ರೊನಾಲ್ಡ್ ನಾಕ್ಸ್ 1929ರಲ್ಲಿ ಪತ್ತೇದಾರಿ ಕಥೆಗೆ ಹತ್ತು ನಿಯಮಗಳನ್ನು ಬರೆದ. ಪತ್ತೇದಾರನಿಗೆ ಸಿಕ್ಕ ಸುಳಿವನ್ನು ಓದುಗನಿಂದ ಮುಚ್ಚಿಡಬಾರದು ಎಂಬುದು ಅವುಗಳಲ್ಲೊಂದು. ಸುಳಿವು ಕಣ್ಣೆದುರಿಗೇ ಇರಬೇಕು, ಆದರೆ ಸುಳಿವೆಂದು ತೋರಬಾರದು. ಒಂದು ಕಥೆ ಕಲ್ಪಿಸಿಕೊಳ್ಳೋಣ. ಗುಡಿಯ ಒಡವೆ ರಾತ್ರೋರಾತ್ರಿ ಕಾಣೆಯಾಗುತ್ತದೆ. ಅನುಮಾನಕ್ಕೊಳಗಾದವನು, ‘ರಾತ್ರಿಯೆಲ್ಲ ತೋಟದಲ್ಲಿ ಪಂಪು ಓಡಿಸುತ್ತಿದ್ದೆ’ ಎನ್ನುತ್ತಾನೆ. ಪಂಪ್‌ಸೆಟ್ಟುಗಳಿಗೆ ತ್ರೀಫೇಸ್ ಕರೆಂಟು ಬರುವುದು ಸರದಿಯ ಮೇಲೆ. ಎರಡನೆಯ ಅಧ್ಯಾಯದಲ್ಲೇ ನಿವೃತ್ತ ಲೈನ್‌ಮನ್ ಕಾಫಿ ಹೀರುತ್ತ, ‘ಈ ವಾರ ನಮ್ಮ ಲೈನಿಗೆ ಹಗಲು ಪಾಳಿ, ಬಿಸಿಲಲ್ಲಿ ಸಾಯಬೇಕು’ ಎಂದು ಗೊಣಗಿರುತ್ತಾನೆ. ಹಳ್ಳಿಯ ಓದುಗ ಅದನ್ನು ಹಿಡಿಯುತ್ತಾನೆ. ಪೇಟೆಯ ಇನ್ಸ್‌ಪೆಕ್ಟರ್ ಹಿಡಿಯುವುದಿಲ್ಲ. ಇಲ್ಲಿ ಪಿಸ್ತೂಲೂ ಬೇಡ, ಬೆರಳಚ್ಚೂ ಬೇಡ. ಊರು ದಿನವೂ ಬದುಕುವ ಲೆಕ್ಕವೇ ಸಾಕ್ಷಿ.

ಆದರೆ ಈ ಪ್ರಕಾರದ ದೊಡ್ಡ ಅಪಾಯವೂ ಇಲ್ಲೇ ಇದೆ. ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ದಲ್ಲಿ ಏಲಕ್ಕಿ ವಿಜ್ಞಾನಿಯ ಸಾವಿನ ಗುಟ್ಟು ಹುಡುಕಲು ಅಧಿಕಾರಿಯೊಬ್ಬ ಕೆಸರೂರಿಗೆ ಬರುತ್ತಾನೆ. ಅವನು ಬಿಡಿಸಲು ಬಂದ ಗಂಟಿಗಿಂತ ಊರಿನೊಳಗಿನ ಗಂಟು ದೊಡ್ಡದು. ಒಬ್ಬ ಅಪರಾಧಿಯನ್ನು ಹಿಡಿದುಕೊಟ್ಟರೆ ಊರು ಸರಿಹೋಗುತ್ತದೆ ಎಂಬ ನಂಬಿಕೆಯನ್ನೇ ಆ ಕಾದಂಬರಿ ಅಲುಗಿಸುತ್ತದೆ. ಹಿತವಾದ ಪತ್ತೇದಾರಿ ಕಥೆ ನಿಂತಿರುವುದು ಅದೇ ನಂಬಿಕೆಯ ಮೇಲೆ.

ಮಂಡ್ಯದ ನೆಲದಲ್ಲಿ ಕಥೆ ಹೂಡುವವರು ಇದನ್ನು ಮರೆಯುವಂತಿಲ್ಲ. 2023ರ ಕೊನೆಯಲ್ಲಿ ಬೆಂಗಳೂರಿನ ಪೊಲೀಸರು ಭೇದಿಸಿದ ಹೆಣ್ಣು ಭ್ರೂಣಹತ್ಯೆಯ ಜಾಲದ ತನಿಖೆಯಲ್ಲಿ, ಮಂಡ್ಯ ಸೀಮೆಯ ಆಲೆಮನೆಯೊಂದರಲ್ಲಿ ಲಿಂಗಪತ್ತೆಯ ಸ್ಕ್ಯಾನಿಂಗ್ ನಡೆಯುತ್ತಿದ್ದ ಸಂಗತಿ ಬಯಲಾಯಿತು. ಲಿಂಗಪತ್ತೆಯನ್ನು ನಿಷೇಧಿಸಿದ ಕಾಯಿದೆ ಬಂದದ್ದು 1994ರಲ್ಲಿ. ಬೆಲ್ಲದ ಕಂಪಿನ ಆಲೆಮನೆ ಹಿತವಾದ ಕಥೆಗೆ ಹೇಳಿ ಮಾಡಿಸಿದ ಜಾಗ. ಅದೇ ಜಾಗದಲ್ಲಿ ಇಂಥದ್ದೂ ನಡೆಯಿತು. ಇಂಥ ಅಪರಾಧದಲ್ಲಿ ಕಳ್ಳ ಹೊರಗಿನಿಂದ ಬಂದವನಲ್ಲ. ಅದಕ್ಕೆ ಗಿರಾಕಿಗಳಿರುತ್ತಾರೆ, ಮನೆಯ ಹಿರಿಯರ ಒಪ್ಪಿಗೆ ಇರುತ್ತದೆ, ಎಷ್ಟೋ ಸಲ ಒತ್ತಾಯವೂ ಇರುತ್ತದೆ.

ಹಾಗಾದರೆ ನಿವೃತ್ತರ ಪತ್ತೇದಾರಿಕೆ ಬರಿಯ ಕಾಲಹರಣವೇ? ಹಾಗೇನೂ ಅಲ್ಲ. ಹಿರಿಯರ ಬಂಡವಾಳ ಅವರ ನೆನಪು: ಯಾವ ಹೊಲದ ಬದು ಯಾವಾಗ ಸರಿಯಿತು, ಯಾರ ಮನೆಯ ಕೂಸು ಏಕೆ ಉಳಿಯಲಿಲ್ಲ ಎಂಬುದು ಅವರಿಗೆ ಗೊತ್ತು. ಆದರೆ ಗೊತ್ತಿದ್ದೂ ಸುಮ್ಮನಿದ್ದವರು ಸಹ ಅವರೇ. ಕೆಲಸದಲ್ಲಿದ್ದಾಗ ವರ್ಗಾವಣೆಯ ಭಯ, ಊರಿನಲ್ಲಿ ನಂಟಿನ ಹಂಗು. ನಿವೃತ್ತಿ ಒಂದು ಭಯವನ್ನು ಕಳೆಯುತ್ತದೆ, ಹಂಗನ್ನು ಕಳೆಯುವುದಿಲ್ಲ. ಇಂಗ್ಲಿಷಿನ ಅಜ್ಜಿಗೆ ಒಗಟು ಬಿಡಿಸಿದರೆ ಸಾಕು. ನಮ್ಮ ದಾದಿಯೋ ಮೇಷ್ಟ್ರೋ ಉತ್ತರ ತಿಳಿದ ಮೇಲೂ ಇನ್ನೊಂದು ಹೆಜ್ಜೆ ಇಡಬೇಕು: ತಮ್ಮದೇ ಜಗಲಿಯ ಮೇಲೆ, ತಮ್ಮವರ ಎದುರು, ಅದನ್ನು ಬಾಯಿಬಿಟ್ಟು ಹೇಳಬೇಕು. ಮಾಲೆಯ ಪ್ರತಿ ಪುಸ್ತಕದಲ್ಲೂ ಓದುಗ ಕುತೂಹಲದಿಂದ ಕಾಯುವುದು ಆ ಗಳಿಗೆಗಾಗಿಯೇ.